ಹಳೆಯ ವೈಸುಗಳಿಗೆ ಹಿತ್ತಾಳೆಯ ಬೆಸುಗೆ

ವೈಸಿನ ಹಿಡಿಯನ್ನು ಎರಡು ಸುತ್ತು ತಿರುಗಿಸಿದರೂ ದವಡೆ ಕದಲಲಿಲ್ಲ. ಮೂರನೆಯ ಸುತ್ತಿಗೆ ತಿರುಪಿನ ಬುಡದಿಂದ ಕೂದಲಿನಷ್ಟು ತೆಳುವಾದ ಹಳದಿ ಎಳೆಯೊಂದು ಇಣುಕಿತು. ಉಗುರಿನಲ್ಲಿ ಹಿಡಿದು ಎಳೆದೆ. ಸುರುಳಿಯಾಗಿ ಬಂತು. ಬಿಸಿಲಿಗೆ ಹಿಡಿದು ನೋಡಿದರೆ ಹಿತ್ತಾಳೆ.

"ಏನವ್ವ, ಚಿನ್ನ ಸಿಕ್ತಾ?" ಎಂದರು ಕಮ್ಮಾರರು.

ಸಾನಮಾವು ಕಾಡಿನ ಅಂಚಿಗಿರುವ ಒಂದು ಹಳ್ಳಿ. ಅವರ ಕುಲುಮೆಯ ಹಿಂದೆ ನೆಲದಲ್ಲಿ ಹೂತಿದ್ದ ಆ ವೈಸಿಗೆ ಎಮ್ಮೆಯೊಂದನ್ನು ಕಟ್ಟಿದ್ದರು. ಎಮ್ಮೆ ನನ್ನನ್ನು ನೋಡುತ್ತ ಮೆಲುಕು ಹಾಕುತ್ತಿತ್ತು. ವೈಸ್ ಎಂದರೆ ಕಬ್ಬಿಣದ ತುಂಡನ್ನು ಅಲುಗಾಡದಂತೆ ಕಚ್ಚಿ ಹಿಡಿಯುವ ಸಾಧನ. ಇದು ಹಳೆಯ ಕಾಲದ್ದು, ನೆಲದವರೆಗೆ ಒಂದು ಕಾಲು ಇಳಿಬಿಟ್ಟಿರುವ ಜಾತಿಯದು. ಸುತ್ತಿಗೆಯ ಏಟು ದವಡೆಗೆ ಬಿದ್ದರೆ ಭಾರವೆಲ್ಲ ಕಾಲಿನ ಮೂಲಕ ನೆಲಕ್ಕೆ ಇಳಿಯುತ್ತದೆ. ಈಗಿನ ಬೀಡು ಕಬ್ಬಿಣದ ವೈಸುಗಳು ಅಂಥ ಏಟಿಗೆ ಬಿರಿಯುತ್ತವೆ, ಇದು ಬಿರಿಯುವುದಿಲ್ಲ.

ಇದು ನನಗೆ ಬೇಕಿತ್ತು. ಇಂಥವು ಇನ್ನೂ ಕೆಲವು ಬೇಕಿದ್ದವು.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ. ಪಟಾಲಮ್ಮಿನಿಂದ ಊರಿಗೆ ಮರಳಿದವರಿಗೆ ಕೈಕೆಲಸ ಕಲಿಸಲೆಂದು ಹೊಸೂರಿನಲ್ಲಿ ಒಂದು ಸಂಘದವರು ತಮ್ಮ ಷೆಡ್ಡಿನಲ್ಲಿ ತರಗತಿ ತೆರೆದಿದ್ದರು. ಲೆಕ್ಕ ಮತ್ತು ನಕ್ಷೆ ಬರೆಯುವುದನ್ನು ಹೇಳಿಕೊಡಲು ನನ್ನನ್ನು ತೆಗೆದುಕೊಂಡಿದ್ದರು. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದ ಹುಡುಗಿಗೆ ಅಷ್ಟು ಸಾಕು ಎಂಬುದು ಅವರ ಅಂದಾಜು. ಕಬ್ಬಿಣದ ಕೆಲಸ ಕಲಿಸುತ್ತಿದ್ದ ಬೋಧಕರು ಬೆಂಗಳೂರಿನ ಕಾರ್ಖಾನೆಗೆ ಹೊರಟುಹೋದರು. ಹೋಗುವಾಗ ತಮ್ಮ ಸ್ವಂತದ ವೈಸುಗಳನ್ನೂ ಮೇಜುಗಳಿಂದ ಬಿಚ್ಚಿಕೊಂಡು ಹೋದರು. ಉಳಿದದ್ದು ಮೇಜುಗಳು, ಅವುಗಳಲ್ಲಿ ತೂತುಗಳು, ಮತ್ತು ಕೈಕಟ್ಟಿ ಕುಳಿತ ಗಂಡಸರು. ಅವರಿಗೆ ಕಬ್ಬಿಣ ಉಜ್ಜುವ ಅರ ಹಿಡಿಯುವುದನ್ನು ನಾನೇ ಹೇಳಿಕೊಡತೊಡಗಿದೆ. ಬೋಧಕರಿದ್ದಾಗ ದಿನವೂ ಸಂಜೆ ಷೆಡ್ಡಿನಲ್ಲಿ ಉಳಿದು ಕಲಿತಿದ್ದೆ. ಅದನ್ನು ಯಾರಿಗೂ ಹೇಳಿರಲಿಲ್ಲ.

ಸಂಘದ ಕಾರ್ಯದರ್ಶಿಯವರಿಗೆ ಇದು ಸರಿಬರಲಿಲ್ಲ. ಷೆಡ್ಡಿನ ಮೇಲೆ ಕಡಲೆಕಾಯಿ ಮಂಡಿಯವರ ಕಣ್ಣಿತ್ತು. ಸುಗ್ಗಿಗೆ ಮೂಟೆ ಇಡಲು ಜಾಗ ಬೇಕಿತ್ತು.

"ನೋಡಮ್ಮ," ಎಂದರು ಒಂದು ದಿನ, "ಸೇಲಂನಿಂದ ಇನ್‌ಸ್ಪೆಕ್ಟರು ಬರ್ತಾರೆ. ಅಷ್ಟರಲ್ಲಿ ಪ್ರತಿ ಮೇಜಿಗೂ ಒಂದು ವೈಸ್ ಇದ್ರೆ ತರಗತಿ ಉಳಿಯುತ್ತೆ. ಇಲ್ದಿದ್ರೆ ಷೆಡ್ ಮಂಡಿಗೆ, ನೀವು ಜಗಲಿಗೆ. ಹೆಣ್ಣುಮಕ್ಕಳಿಗೆ ಕಸೂತಿ ಹೇಳ್ಕೊಡಿ. ಅದು ನಿಮಗೂ ಮರ್ಯಾದೆ, ನಮಗೂ ಮರ್ಯಾದೆ."

"ನನಗೆ ಕಸೂತಿ ಬರೋದಿಲ್ಲ," ಎಂದೆ.

"ಕಲೀಬಹುದು."

"ಆ ಹೆಣ್ಣುಮಕ್ಕಳೂ ಅರ ಹಿಡಿಯೋದು ಕಲೀಬಹುದು," ಎಂದು ಹೇಳಿ ಹೊರಟುಬಂದೆ.

ಹೊಸ ವೈಸ್ ಬೆಂಗಳೂರಿನ ಅಂಗಡಿಗಳಲ್ಲಿ ಇರಲಿಲ್ಲ. ಹಡಗು ಬರಬೇಕು ಎಂದರು. ದಂಡಿನ ಗುಜರಿಯಲ್ಲಿ ಬೀಡು ಕಬ್ಬಿಣದ ಎರಡು ಸಿಕ್ಕವು. ದವಡೆಯ ಹಲಗೆಗಳು ಕಳೆದುಹೋಗಿದ್ದವು. ಉಳಿದವನ್ನು ಹಳ್ಳಿಯ ಕುಲುಮೆಗಳಲ್ಲಿ ಹುಡುಕಿದೆ. ಅಂಚೆಟ್ಟಿಯ ಕಡೆ ಬಸ್ಸು ಇಳಿದ ಮೇಲೆ ನಡೆದೇ ಹೋಗಬೇಕಿತ್ತು. ಒಂದು ವೈಸನ್ನು ಏತದ ತುದಿಗೆ ಭಾರವಾಗಿ ಕಟ್ಟಿದ್ದರು. ಇನ್ನೊಂದು ಹಟ್ಟಿಯ ಬಾಗಿಲಿಗೆ ಒತ್ತಾಗಿ ನಿಂತಿತ್ತು. ತಿರುಪು ಹಿಡಿಯದೆ ಹೋದ ಮೇಲೆ ಮನೆಯವರು ಅವನ್ನು ಹೀಗೆ ದುಡಿಸುತ್ತಿದ್ದರು. ಯಾರೂ ಮಾರಲು ಒಪ್ಪಲಿಲ್ಲ. ಕುಲುಮೆಯ ಸಾಮಾನು ಮಾರಿದರೆ ಮನೆಯ ಬೆಂಕಿ ಕೊಟ್ಟ ಹಾಗೆ ಎಂಬುದು ಅವರ ನಂಬಿಕೆ. ಕೆಲಸಕ್ಕೆ ಇಟ್ಟುಕೊಳ್ಳುವುದಾದರೆ ಒಯ್ಯಿ, ಸುಮ್ಮನೆ ನಿಲ್ಲಿಸಬಾರದು ಎಂದರು. ಅದೊಂದೇ ಕರಾರು. ನನ್ನ ಹೆಸರಿನಲ್ಲಿ ಕೊಟ್ಟರು, ಸಂಘದ ಹೆಸರಿನಲ್ಲಲ್ಲ.

ಎಲ್ಲವೂ ಷೆಡ್ಡಿಗೆ ಬಂದ ಮೇಲೆ ಬಿಚ್ಚಲು ಕುಳಿತೆವು. ತುಕ್ಕು ಹಿಡಿದ ಕೀಲುಗಳಿಗೆ ಸೀಮೆಎಣ್ಣೆ ಬಿಟ್ಟು ಕಾದೆವು. ಅಂಟಿದ್ದ ಹಳೆಯ ಎಣ್ಣೆಯ ಗಷ್ಟನ್ನು ಬೂದಿ ಹಾಕಿದ ಬಿಸಿನೀರಿನಲ್ಲಿ ಉಜ್ಜಿದೆವು. ದವಡೆಗಳನ್ನು ದೂರ ತಳ್ಳುವ ನಡುವಿನ ಪಟ್ಟಿಗಳು ಪುಟಿಯುವ ಶಕ್ತಿ ಕಳೆದುಕೊಂಡಿದ್ದವು. ಲಾರಿಯ ಮುರಿದ ಸ್ಪ್ರಿಂಗಿನಿಂದ ಹೊಸವನ್ನು ಕತ್ತರಿಸಿದೆವು. ಗುಜರಿಯ ವೈಸುಗಳ ದವಡೆಗೂ ಅದೇ ಉಕ್ಕನ್ನು ಹಾಕಿದೆವು. ಆಮೇಲೆ ದವಡೆಗಳನ್ನು ಕೂಡಿಸುವ ಕೆಲಸ. ದೀಪದ ಮಸಿಯನ್ನು ಹರಳೆಣ್ಣೆಯಲ್ಲಿ ಕಲಸಿ ಒಂದು ದವಡೆಗೆ ತೆಳುವಾಗಿ ಸವರಿ ಮುಚ್ಚಿದರೆ, ಉಬ್ಬಿದ ಜಾಗಗಳಲ್ಲಿ ಮಾತ್ರ ಇನ್ನೊಂದಕ್ಕೆ ಕಪ್ಪು ಹತ್ತುತ್ತದೆ. ಕಪ್ಪು ಹತ್ತಿದ್ದನ್ನು ಅರದಿಂದ ತೆಗೆಯುವುದು, ಮತ್ತೆ ಮುಚ್ಚುವುದು. ಪೂರ್ತಿ ದವಡೆ ಕಪ್ಪಾಗುವವರೆಗೂ ಇದೇ.

"ಇದೇನು ಟೀಚರಮ್ಮ, ಹಲ್ಲು ಉಜ್ಜೋ ಕೆಲ್ಸ," ಎಂದ ಬರ್ಮಾಕ್ಕೆ ಹೋಗಿಬಂದಿದ್ದ ಒಬ್ಬ ಸಿಪಾಯಿ. ತರಗತಿಯಲ್ಲಿ ಅವನದೇ ಗಟ್ಟಿ ಗಂಟಲು. "ನಮ್ಮ ಸುಬೇದಾರನ್ ಬೂಟ್ನೂ ಇಷ್ಟು ನೀಟಾಗಿ ಉಜ್ಜಿರ್ಲಿಲ್ಲ ನಾವು."

"ಮಾತಾಡುವಾಗ ಅರ ಓರೆಯಾಗುತ್ತೆ," ಎಂದೆ.

"ಓರೆ ಆಗ್ತದೆ," ಎಂದು ಪಕ್ಕದವನಿಗೆ ಹೇಳಿದ. "ಬಾಯ್ಮುಚ್ಕೊಂಡು ಉಜ್ಜಲಾ."

ನಿಜವಾದ ತೊಂದರೆ ಹಿತ್ತಾಳೆಯ ಸುರುಳಿಯದ್ದು. ತಿರುಪು ಹೋಗಿ ಕೂರುವ ಕಬ್ಬಿಣದ ಕೊಳವೆ, ಗುಜರಿಯಲ್ಲಿ ಬಿಡಿಯಾಗಿ ಸಿಕ್ಕ ಅಂಥದೇ ಒಡಕೊಂದನ್ನು ಉದ್ದಕ್ಕೆ ಸೀಳಿ ನೋಡಿದ ಮೇಲೆ ಗೊತ್ತಾಯಿತು. ಹಳಬರು ಕೊಳವೆಯ ಒಳಗೆ ಸುತ್ತುಗಳನ್ನು ಕೊರೆದಿರಲಿಲ್ಲ. ಚೌಕದ ಕಬ್ಬಿಣದ ಎಳೆಯನ್ನು ಸುರುಳಿ ಸುತ್ತಿ, ಕೊಳವೆಯೊಳಗೆ ತೂರಿಸಿ, ಹಿತ್ತಾಳೆ ಕರಗಿಸಿ ಬೆಸೆದಿದ್ದರು. ಕಾಲಾಂತರದಲ್ಲಿ ಬೆಸುಗೆ ಬಿಟ್ಟು ಸುರುಳಿ ಸವೆದಿತ್ತು. ತಿರುಪುಗಳೆಲ್ಲ ಗಟ್ಟಿಯಾಗಿಯೇ ಇದ್ದವು. ಹಿಡಿತವಿಲ್ಲದ್ದು ಒಳಗಿನ ಕೊಳವೆಗೆ.

ಮೊದಲು ಸುಲಭದ ದಾರಿ ಹಿಡಿದೆ. ತಿರುಪಿಗೆ ಮಸಿ ಬಳಿದು ಕೊಳವೆಯಲ್ಲಿ ನಿಲ್ಲಿಸಿ, ಸುತ್ತಲೂ ಸೀಸ ಕರಗಿಸಿ ಹೊಯ್ದೆ. ತಣ್ಣಗಾದ ಮೇಲೆ ತಿರುಪು ಸಲೀಸಾಗಿ ತಿರುಗಿತು. ನನಗೆ ಖುಷಿಯಾಯಿತು. ಕಾರ್ಯದರ್ಶಿಗಳು ಬಂದಿದ್ದಾಗ ಸಿಪಾಯಿ ಒಂದು ಸರಳನ್ನು ಕಚ್ಚಿಸಿ ಹಿಡಿಯನ್ನು ಜೋರಾಗಿ ಎಳೆದ. ಸೀಸ ಬೆಣ್ಣೆಯಂತೆ ಸವರಿಹೋಯಿತು. ಸರಳು ಕಾರ್ಯದರ್ಶಿಗಳ ಚಪ್ಪಲಿಯ ಪಕ್ಕಕ್ಕೆ ಬಿತ್ತು.

ಅವರು ಬಗ್ಗಿ ಸರಳನ್ನು ನೋಡಿದರು, ನನ್ನನ್ನು ನೋಡಿದರು. "ಕಸೂತಿ ಸೂಜಿ ಬಿದ್ರೆ ಸದ್ದಾಗೋದಿಲ್ಲ," ಎಂದು ಹೇಳಿ ಹೋದರು.

ಹಳಬರ ಹಾಗೆ ಹಿತ್ತಾಳೆಯಲ್ಲೇ ಬೆಸೆಯಬೇಕು, ಬೇರೆ ದಾರಿಯಿಲ್ಲ. ಸಾನಮಾವಿನ ಕಮ್ಮಾರರ ಬಳಿಗೆ ಹೋದೆ. ಬಿತ್ತನೆಗೆ ಮುಂಚಿನ ದಿನಗಳು. ಕುಲುಮೆಯ ಮುಂದೆ ನೇಗಿಲ ಕುಳಗಳ ರಾಶಿ. ಅವರ ಹೆಂಡತಿ ಬೆಂಕಿಗೆ ಗಾಳಿ ಊದುವ ತಿದಿ ಒತ್ತುತ್ತಿದ್ದರು. ನಾನು ವಿಷಯ ಹೇಳಿದೆ. ಹಿತ್ತಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ ಕಮ್ಮಾರರು ಇಕ್ಕಳ ಕೆಳಗಿಟ್ಟರು.

"ಅದೊಂದು ಬುಟ್ಟು ಬೇರೆ ಏನಾದ್ರೂ ಕೇಳವ್ವ. ನನ್ನ ಬೆಂಕಿಗೆ ಹಿತ್ತಾಳೆ ಒಂದು ಚೂರು ಬಿದ್ರೂ ಆಮ್ಯಾಕೆ ಕಬ್ಬಿಣ ಕಬ್ಬಿಣಕ್ಕೆ ಹತ್ತಾಕಿಲ್ಲ. ಇಷ್ಟು ಕುಳ ಯಾರು ಬೆಸೀತಾರೆ, ನಿಮ್ಮ ಸೆಕ್ರೆಟ್ರಿ ಬತ್ತಾನಾ?"

ಅದು ನಿಜವೆಂದು ನನಗೂ ಗೊತ್ತಿತ್ತು. ಹಿತ್ತಾಳೆಯಲ್ಲಿರುವ ಸತುವು ಕೆಂಡಕ್ಕೆ ಹತ್ತಿದರೆ ಬೆಸುಗೆ ನಿಲ್ಲುವುದಿಲ್ಲ. ಊರಿನ ಕುಳಗಳನ್ನು ಪಣಕ್ಕಿಡಿ ಎಂದು ಕೇಳಲು ಬಾಯಿ ಬರಲಿಲ್ಲ.

ಹೊಸೂರು ಪೇಟೆಯ ಕಂಚುಗಾರರ ಬಳಿ ಹೋದೆ. ಅವರು ಕೊಳವೆಯನ್ನು ಕೈಯಲ್ಲಿ ತೂಗಿ ನಕ್ಕರು. "ನನ್ನ ಒಲೆ ತಂಬಿಗೆಗೆ ಸಾಲುತ್ತೆ ತಾಯಿ. ಇದು ಕೆಂಪಾಗೋ ಹೊತ್ತಿಗೆ ನನ್ನ ಇದ್ದಿಲೆಲ್ಲ ಬೂದಿ. ಕಬ್ಬಿಣ ಅವರ ಬೆಂಕೀಲೇ ಕಾಯ್ಬೇಕು." ಕಬ್ಬಿಣದವರ ಬೆಂಕಿಗೆ ಹಿತ್ತಾಳೆ ಆಗದು, ಹಿತ್ತಾಳೆಯವರ ಬೆಂಕಿಗೆ ಕಬ್ಬಿಣ ಆಗದು. ಎರಡನ್ನೂ ಒಟ್ಟಿಗೆ ಕಾಯಿಸಿದ ಹಳಬರು ಯಾರ ಬೆಂಕಿಯಲ್ಲಿ ಕಾಯಿಸಿದ್ದರೋ ಹೇಳುವವರಿರಲಿಲ್ಲ. ಕಂಚುಗಾರರು ಒಡೆದ ತಂಬಿಗೆಯೊಂದನ್ನು ಮಾತ್ರ ಕೊಟ್ಟರು.

ತಂಬಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಪೇಟೆಯಿಂದ ನಡೆದು ಬರುವಾಗ ನಿರ್ಧಾರ ಮಾಡಿದೆ. ಯಾರ ಬೆಂಕಿಯೂ ಬೇಡ. ಷೆಡ್ಡಿನ ಹಿಂದೆ ನನ್ನದೇ ಒಂದು ಕುಲುಮೆ ಕಟ್ಟುತ್ತೇನೆ, ಇಕ್ಕಳ ನಾನೇ ಹಿಡಿಯುತ್ತೇನೆ. ಅಲ್ಲಿ ಕುಳ ಬೆಸೆಯುವುದಿಲ್ಲ, ಆದ್ದರಿಂದ ಕೆಡಲು ಏನೂ ಇಲ್ಲ.

ಮಣ್ಣು ಕಲಸಿ ಒಲೆ ಕಟ್ಟಿದೆವು. ಇದ್ದಿಲು ತಂದೆವು. ತಿದಿ ಇರಲಿಲ್ಲ. ಕೇಳಲು ಮತ್ತೆ ಸಾನಮಾವಿಗೆ ಹೋದಾಗ ಕಮ್ಮಾರರು ತಲೆಯೆತ್ತದೆ, "ಹೆಣ್ಣಾಳು ಇಕ್ಕಳ ಹಿಡಿಯಾಕಿಲ್ಲ ಕಣವ್ವ. ನಮ್ಮಲ್ಲಿ ಹಂಗಿಲ್ಲ," ಎಂದರು.

ಅವರ ಹೆಂಡತಿ ತಿದಿ ನಿಲ್ಲಿಸಿದರು. ಬೆಂಕಿ ಮಂಕಾಯಿತು.

"ಮದ್ವೆ ಆಗಿ ಬಂದಾಗಿಂದ ನಿನ್ನ ಬೆಂಕಿಗೆ ಉಸುರು ಕೊಡ್ತಿರೋಳು ನಾನು," ಎಂದರು ಗಂಡನಿಗೆ. "ಉಸುರು ಹೆಣ್ಣಾಳ್ದು ಆಯ್ತದೆ, ಇಕ್ಕಳ ಆಗಾಕಿಲ್ವಾ? ನಾನೇ ಹೋಗಿ ಒತ್ತಿಕೊಡ್ತೀನಿ. ಹಳೇ ತಿದಿ ಅಟ್ಟದ ಮ್ಯಾಗೈತೆ. ಇಳ್ಸು."

"ಇಲ್ಲಿ ಕುಳಕ್ಕೆ ತಿದಿ ಯಾರೇ ಒತ್ತೋದು?"

"ಪಕ್ಕದ ಮನೆ ನಿನ್ನ ತಂಗಿ ಕುಂತವ್ಳಲ್ಲ, ಅವ್ಳನ್ನ ಕರಿ. ಇಲ್ಲಾ, ನೀನೇ ಒಂದು ಕೈಲಿ ಒತ್ತು, ಒಂದು ಕೈಲಿ ಬಡಿ. ನಾನು ಎಲ್ಡು ದಿನ ಈ ಕೂಸಿನ ಜತೆ ಹೋಗ್ಬತ್ತೀನಿ."

ಕಮ್ಮಾರರು ಅಟ್ಟ ಹತ್ತಿದರು. ಮೇಲಿನಿಂದ ಏನೋ ಗೊಣಗಿದರು, ತಿದಿಯ ಜೊತೆ ಧೂಳೂ ಇಳಿಯಿತು.

ಮೊದಲ ಕೊಳವೆ ನನ್ನ ಲೆಕ್ಕದಿಂದಲೇ ಕೆಟ್ಟಿತು. ಸುರುಳಿಯ ಅಂತರ ತಪ್ಪಬಾರದೆಂದು ತಿರುಪನ್ನು ಒಳಗೇ ಬಿಟ್ಟೆ. ಹಿತ್ತಾಳೆ ಅದಕ್ಕೆ ಅಂಟದಿರಲೆಂದು ಮೈತುಂಬ ಜೇಡಿಮಣ್ಣು ಬಳಿದಿದ್ದೆ. ಶಾಖಕ್ಕೆ ಮಣ್ಣು ಬಿರಿಯಿತು, ಹಿತ್ತಾಳೆ ಬಿರುಕಿಗೆ ಹರಿಯಿತು. ತಣ್ಣಗಾದ ಮೇಲೆ ಹಿಡಿ ತಿರುಗಿಸಿದರೆ ತಿರುಪೂ ಕೊಳವೆಯೂ ಒಂದೇ ಕಂಬಿಯಾಗಿದ್ದವು. ಒಂದು ವೈಸ್ ಹೋಯಿತು. ಒಂದು ಮೇಜು ಬರಿದಾಗಿ ಉಳಿದರೂ ಕಾರ್ಯದರ್ಶಿಗಳಿಗೆ ಅದೇ ಸಾಕಿತ್ತು.

ತಿದಿಯ ಪಕ್ಕದಲ್ಲಿ ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದ ಕಮ್ಮಾರರ ಹೆಂಡತಿ, "ಅತ್ತುಬುಟ್ರೆ ಬಿಟ್ಕತದಾ ಅದು?" ಎಂದರು.

"ನಾನು ಅಳ್ತಿಲ್ಲ."

"ಹೊಗೆನಾ? ಸರಿ ಬುಡು. ಇನ್ನೊಂದು ತಗಾ. ನಮ್ಮದನ್ನೇ ತಗಾ."

ಎಮ್ಮೆ ಕಟ್ಟುತ್ತಿದ್ದ ವೈಸ್. ಇದೂ ಕೆಟ್ಟರೆ ಗಂಡನಿಗೆ ಏನು ಹೇಳುತ್ತೀರಿ ಎಂದು ಕೇಳಿದೆ. "ಎಮ್ಮೆಗೆ ಗೂಟ ಹೊಡಿ ಅಂತೀನಿ," ಎಂದರು.

ಈ ಸಲ ತಿರುಪನ್ನು ಸುರುಳಿ ಸುತ್ತಲಷ್ಟೇ ಬಳಸಿದೆ. ಚೌಕದ ಎಳೆಯನ್ನು ಕೆಂಪಗೆ ಕಾಯಿಸಿ ತಿರುಪಿನ ಕಾಲುವೆಯಲ್ಲಿ ಸುತ್ತಿ, ತಣ್ಣಗಾದ ಮೇಲೆ ಬಿಚ್ಚಿಕೊಂಡೆ. ಎಳೆ ಕಾಲುವೆಯ ಅಂತರವನ್ನು ಹಾಗೆಯೇ ಹಿಡಿದಿತ್ತು. ಕೊಳವೆಯ ಒಳಮೈಯನ್ನು ಗುಂಡು ಅರದಿಂದ ಹೊಳೆಯುವಂತೆ ಉಜ್ಜಿ, ಸುರುಳಿಯನ್ನು ಬಡಿದು ಬಡಿದು ಬಿಗಿಯಾಗಿ ಕೂರಿಸಿದೆ. ಒಳಗೆ ತಂಬಿಗೆಯ ಚೂರುಗಳು, ಬೆಸುಗೆ ಹಿಡಿಯಲೆಂದು ಅಕ್ಕಸಾಲಿಗರಿಂದ ತಂದ ಬಿಳಿಗಾರದ ಪುಡಿ. ಎರಡೂ ಬಾಯಿಗೆ ಹೊಟ್ಟು ಬೆರೆಸಿದ ಮಣ್ಣು ಮೆತ್ತಿದೆ. ಒಂದು ಕಡೆ ಹುಲ್ಲುಕಡ್ಡಿ ತೂರುವಷ್ಟು ಕಂಡಿ ಬಿಟ್ಟೆ.

ಆಕೆ ಒತ್ತಿದರು. ಅವಸರವಿಲ್ಲದ, ಒಂದೇ ಅಳತೆಯ ಉಸಿರು. ಕೊಳವೆ ಕೆಂಪಾಯಿತು, ಕಿತ್ತಳೆಯಾಯಿತು. ಕಂಡಿಯಿಂದ ಬಿಳಿ ಹೊಗೆ ಬಂತು. ಅದು ಉಸಿರಿಗೆ ಒಳ್ಳೆಯದಲ್ಲ. ಎಲ್ಲರನ್ನೂ ಗಾಳಿ ಬೀಸಿಬರುವ ಕಡೆಗೆ ನಿಲ್ಲಿಸಿ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಸಿದ್ದೆ. ಆಮೇಲೆ ಹೊಗೆಯ ಬುಡದಲ್ಲಿ ಹಸಿರು ನೀಲಿ ಬಣ್ಣದ ಸಣ್ಣ ನಾಲಿಗೆ ಎದ್ದಿತು.

"ಈಗ," ಎಂದೆ. ಯಾರಿಗೆ ಹೇಳಿದೆನೋ ತಿಳಿಯದು. ಇಕ್ಕಳದಲ್ಲಿ ಕೊಳವೆಯನ್ನು ಎತ್ತಿ ಮರಳಿನ ಮೇಲಿಟ್ಟು ಉರುಳಿಸತೊಡಗಿದೆ. ನಿಲ್ಲಿಸಿದರೆ ಹಿತ್ತಾಳೆ ಒಂದೇ ಬದಿಗೆ ಇಳಿದು ಗಟ್ಟಿಯಾಗುತ್ತದೆ. ಉರುಳಿಸುತ್ತಿದ್ದರೆ ಸುರುಳಿಯ ಬುಡಕ್ಕೆಲ್ಲ ಸಮನಾಗಿ ಹರಿಯುತ್ತದೆ. ಸೀರೆಯ ಅಂಚು ಕಮರಿತು. ಕೆಂಪು ಆರಿ ಬೂದಿಯ ಬಣ್ಣ ಬರುವವರೆಗೆ ನಿಲ್ಲಿಸಲಿಲ್ಲ.

ತಣ್ಣಗಾಗುವವರೆಗೆ ಕಾದೆವು. ಮಣ್ಣು ಕೆಡವಿ, ಹರಳೆಣ್ಣೆ ಹಾಕಿ ತಿರುಪನ್ನು ಬಾಯಿಗಿಟ್ಟೆ. ಮೊದಲ ಸುತ್ತು ಬಿಗಿಯಾಗಿ ಹಿಡಿಯಿತು, ಸ್ವಲ್ಪ ಹಿಂದೆ ಮುಂದೆ ಆಡಿಸಿದ ಮೇಲೆ ದಾರಿ ಬಿಟ್ಟಿತು. ವೈಸಿಗೆ ಜೋಡಿಸಿ ಸರಳು ಕಚ್ಚಿಸಿದೆ. "ಎಳೀರಿ," ಎಂದೆ ಸಿಪಾಯಿಗೆ.

"ಟೀಚರಮ್ಮ, ಸೆಕ್ರೆಟ್ರಿ ಚಪ್ಲಿ ದೂರ ಐತಲ್ವಾ?" ಎಂದು ಸುತ್ತ ನೋಡಿ, ಹಿಡಿಯ ಮೇಲೆ ಮೈಭಾರವೆಲ್ಲ ಹಾಕಿದ. ಹಿಡಿ ಬಾಗಿತು. ವೈಸ್ ಬಿಡಲಿಲ್ಲ.

ಉಳಿದವೂ ಹೀಗೆಯೇ ಆದವು. ಕೆಟ್ಟ ಕೊಳವೆಗೆ ಬದಲು ಇನ್ನೊಂದು ಹಳ್ಳಿಯಿಂದ ಮತ್ತೊಂದು ವೈಸ್ ತಂದೆವು. ಸಾನಮಾವಿನ ಕಮ್ಮಾರರು ಹೆಂಡತಿಯನ್ನು ಕರೆದೊಯ್ಯಲು ಬಂದು, ಕುಲುಮೆಯಿಂದ ದೂರ ನಿಂತು, ತಮ್ಮ ವೈಸಿನ ಹಿಡಿಯನ್ನು ತಿರುಗಿಸಿ ನೋಡಿದರು. ಬಿಗಿಮಾಡಿದರು, ಸಡಿಲಿಸಿದರು, ಮತ್ತೆ ಬಿಗಿಮಾಡಿದರು. "ಬೆಸುಗೆ ಕುಂತದೆ," ಎಂದರು. ಆಮೇಲೆ ಹೆಂಡತಿಗೆ, "ನಿನ್ನ ಮೈಗೆ ಹಿತ್ತಾಳೆ ಹತ್ತಿದ್ರೆ ತೊಳ್ಕೊಂಡು ಬಾ. ಹಂಗೇ ನನ್ನ ಕುಲುಮೆಗೆ ಬಂದ್ಗಿಂದೀಯಾ."

ಇನ್‌ಸ್ಪೆಕ್ಟರು ಬಂದರು. ಮಿತಭಾಷಿ, ತಮಿಳಿನವರು. ಪ್ರತಿ ವೈಸಿನಲ್ಲೂ ಒಂದು ಸರಳನ್ನು ಕಚ್ಚಿಸಿ ಸ್ವತಃ ಸುತ್ತಿಗೆಯಿಂದ ಬಗ್ಗಿಸಿದರು. ದವಡೆಗಳ ನಡುವೆ ಕಾಗದದ ಚೂರಿಟ್ಟು, ಎಳೆದರೆ ಹರಿಯುತ್ತದೆಯೇ ಹೊರತು ಜಾರುವುದಿಲ್ಲ ಎಂಬುದನ್ನು ನೋಡಿದರು. ಕೊನೆಗೆ, ಈ ಬೆಸುಗೆ ಯಾರ ಕೆಲಸ ಎಂದು ತಮಿಳಿನಲ್ಲಿ ಕೇಳಿದರು.

"ನಮ್ಮ ಸಂಘದ ಕೆಲಸಗಾರರು," ಎಂದರು ಕಾರ್ಯದರ್ಶಿ.

"ನಾನು," ಎಂದೆ. "ತಿದಿ ಒತ್ತಿದವರು ಸಾನಮಾವಿನ ಕಮ್ಮಾರರ ಮನೆಯಾಕೆ."

ಇನ್‌ಸ್ಪೆಕ್ಟರು ನನ್ನ ಕೈಗಳನ್ನು ನೋಡಿದರು. ತಲೆಯಾಡಿಸಿ, ತರಗತಿ ಮುಂದುವರಿಯಲಿ ಎಂದು ಹೇಳಿ ಕಾರು ಹತ್ತಿದರು.

ಕಾರಿನ ಧೂಳು ಕೂರುವ ಮೊದಲೇ ಕಾರ್ಯದರ್ಶಿಗಳು ಷೆಡ್ಡಿನ ಬಾಗಿಲೆಳೆದು ಸರಪಳಿ ಚಿಲಕಕ್ಕೆ ಬೀಗ ಹಾಕಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ತರಗತಿ ಉಳೀತಲ್ಲಮ್ಮ, ಸಂತೋಷ. ಇನ್ನು ಬೆಂಗಳೂರಿನಿಂದ ಒಬ್ಬ ಗಂಡಸು ಬೋಧಕರನ್ನ ಕರೆಸ್ತೀನಿ. ಅವರು ಬರೋವರೆಗೆ ಬಾಗಿಲು ಮುಚ್ಚಿರಲಿ. ನಾಳೆ ಬೆಳಿಗ್ಗೆ ನೀವು ಜಗಲಿಗೆ ಬನ್ನಿ. ಚೌಕಟ್ಟು, ದಾರ ಎಲ್ಲ ತರಿಸಿದ್ದೀನಿ."

"ಯಾವಾಗ ಬರ್ತಾರೆ, ಆ ಬೋಧಕರು?"

"ಸಿಕ್ಕಾಗ."

"ವೈಸುಗಳನ್ನ ಸುಮ್ಮನೆ ನಿಲ್ಲಿಸೋದಿಲ್ಲ ಅಂತ ಮಾತು ಕೊಟ್ಟಿದ್ದೀನಿ."

"ಮಾತು ಕೊಟ್ಟಿದ್ದು ನೀವು. ಬೀಗ ಸಂಘದ್ದು," ಎಂದು ಬೀಗದಕೈಯನ್ನು ಜೇಬಿಗೆ ಹಾಕಿಕೊಂಡರು.

ಮರುದಿನ ಬೆಳಿಗ್ಗೆ ನನ್ನ ಸ್ವಂತದ ತಿರುಪುಳಿಯನ್ನೂ ಒಂದು ಸಣ್ಣ ಸೀಸೆಯಲ್ಲಿ ಸೀಮೆಎಣ್ಣೆಯನ್ನೂ ತೆಗೆದುಕೊಂಡು ಹೋದೆ. ಷೆಡ್ಡಿನದು ಒಂದೇ ಹಲಗೆಯ ಬಾಗಿಲು, ಕೀಲುಗಳ ತಿರುಪುಗಳು ಹೊರಮೈಯಲ್ಲೇ ಇದ್ದವು. ಪ್ರತಿಯೊಂದಕ್ಕೂ ಒಂದೊಂದು ತೊಟ್ಟು ಬಿಟ್ಟು, ಇಂಗಲೆಂದು ಮೆಟ್ಟಿಲ ಮೇಲೆ ಕುಳಿತೆ. ತರಗತಿಯವರು ಒಬ್ಬೊಬ್ಬರಾಗಿ ಬಂದು ನಿಂತರು. ಎದುರಿನ ಜಗಲಿಯ ಮೇಲೆ ಕಾರ್ಯದರ್ಶಿಗಳು ಕಸೂತಿಯ ಚೌಕಟ್ಟುಗಳ ಪಕ್ಕ ನಿಂತು ನೋಡುತ್ತಿದ್ದರು.

"ಟೀಚರಮ್ಮ, ಬೀಗ ಒಡೆದ್ಬುಡ್ಲಾ?" ಎಂದ ಸಿಪಾಯಿ.

"ಬೇಡ. ಬೀಗ ಸಂಘದ್ದು. ಬಾಗಿಲನ್ನು ಹಿಡಿದುಕೊಳ್ಳಿ."

ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಟ್ಟುಕೊಂಡೆ. ಬಾಗಿಲು ಕೀಲಿನ ಕಡೆಯಿಂದ ತೆರೆದುಕೊಂಡಿತು. ಸರಪಳಿ ಮತ್ತು ಬೀಗ ಈಗ ಅದಕ್ಕೆ ಕೀಲುಗಳಾಗಿದ್ದವು. ಒಳಗೆ ಹೋಗಿ ಕಿಟಕಿ ತೆರೆದೆ. ಮೊದಲ ಮೇಜಿನ ವೈಸಿನಲ್ಲಿ ಕಬ್ಬಿಣದ ಪಟ್ಟಿಯೊಂದನ್ನು ಕಚ್ಚಿಸಿ, ಎಲ್ಲರೂ ಒಳಬಂದು ಸುತ್ತ ನಿಲ್ಲುವವರೆಗೆ ಕಾದು, ಪಾಠ ಶುರುಮಾಡಿದೆ.